ಪಟದ ಕೆಳಗಿನ ಬೀಗದ ಕೈ

"ಮನೆದೇವರು ಯಾವುದು?" ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ದೇವರ ಮೇಲಿನ ಸಿಟ್ಟಲ್ಲ ಅದು. ನಮ್ಮ ಕಡೆ ಬಾಡಿಗೆ ಮನೆ ಹುಡುಕಿಕೊಂಡು ಅಲೆದವರಿಗೆ ಈ ಪ್ರಶ್ನೆಯ ಒಳಗುಟ್ಟು ಗೊತ್ತು. ಜಾತಿ ಯಾವುದು ಎಂದು ಮುಖಕ್ಕೆ ಮುಖ ಕೊಟ್ಟು ಕೇಳಲು ಈಗಿನವರಿಗೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಪಾಪ, ದೇವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ.

ನನಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿ ನಂಜನಗೂಡಿಗೆ ಹಾಕಿದಾಗ ಇನ್ನೂ ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ನಮ್ಮ ಹಳ್ಳಿ ಇರುವುದು ತಿ. ನರಸೀಪುರದ ಹತ್ತಿರ. ಬೆಳಗಿನ ಮೊದಲ ಬಸ್ಸಿನ ಡ್ಯೂಟಿ ಬಿದ್ದರೆ ಅಲ್ಲಿಂದ ಬಂದು ಸೇರುವುದು ಆಗದ ಮಾತು. ನಂಜನಗೂಡಿನಲ್ಲೇ ಒಂದು ಮನೆ ಹಿಡಿಯೋಣ ಎಂದು ನಾನೂ ಅವ್ವನೂ ಹೊರಟೆವು. ಸರ್ಕಾರಿ ಕೆಲಸದ ಹುಡುಗಿ, ಜೊತೆಗೆ ವಯಸ್ಸಾದ ತಾಯಿ, ಇಂಥ ಬಾಡಿಗೆದಾರರನ್ನು ಯಾರು ಬೇಡ ಎನ್ನುತ್ತಾರೆ ಎಂದು ನಾನು ಬಹಳ ಧಿಮಾಕಿನಿಂದಲೇ ಹೆಜ್ಜೆ ಹಾಕಿದ್ದೆ.

ಮೊದಲ ಮನೆಯ ಅಜ್ಜಿ ನನ್ನನ್ನು ನೋಡಿ ಬಾಯ್ತುಂಬ ನಕ್ಕರು. "ಕಂಡಕ್ಟರ್ ಕೆಲಸವಾ? ಭೇಷ್, ಹೆಣ್ಣುಮಕ್ಕಳು ಹೀಗಿರಬೇಕು" ಎಂದು ಬೆನ್ನು ತಟ್ಟಿದರು. ಹಿತ್ತಲಿನ ಕರಿಬೇವಿನ ಗಿಡ ತೋರಿಸಿ, ಬೇಕಾದಾಗ ಕಿತ್ತುಕೋ ಎಂದರು. ಎಲ್ಲ ಆದಮೇಲೆ, "ಅಂದಹಾಗೆ ಯಾವ ಕಡೆಯವರಮ್ಮ ನೀವು?" ಎಂದರು.

"ನರಸೀಪುರದ ಕಡೆ."

"ಅದಲ್ಲಮ್ಮ, ಮನೆದೇವರು ಯಾವುದು ಅಂತ."

"ಬಾಡಿಗೆ ಕೊಡೋಳು ನಾನು ಅಜ್ಜಿ, ದೇವರಲ್ಲ" ಎಂದೆ. ಅವ್ವ ಹಿಂದಿನಿಂದ ನನ್ನ ಸೊಂಟಕ್ಕೆ ಚಿವುಟಿದಳು. ಸರಿ, ಮುಚ್ಚಿಡುವುದೇನಿದೆ ಎಂದು, ನಾವು ದಲಿತರು, ಅಪ್ಪನ ಕಾಲದಲ್ಲೇ ಬೌದ್ಧರಾದವರು ಎಂದು ಹೇಳಿದೆ. ಅಜ್ಜಿಯ ನಗು ಮಾಸಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನಗುತ್ತಲೇ, "ಮಗನನ್ನ ಒಂದು ಮಾತು ಕೇಳಿ ಹೇಳ್ತೀನಮ್ಮ" ಎಂದರು. ಆ ಮಗ ಎಲ್ಲಿದ್ದನೋ, ಅವನನ್ನು ಕೇಳಿದ್ದು ಮಾತ್ರ ಮುಗಿಯಲೇ ಇಲ್ಲ.

ಆಮೇಲೆ ಕಂಡ ಮನೆಗಳಲ್ಲೆಲ್ಲ ಇದೇ ಕಥೆ. ಒಂದು ಕಡೆ ಅಳಿಯ ಬರುವವನಿದ್ದ, ಇನ್ನೊಂದು ಕಡೆ ಮನೆಗೆ ಸುಣ್ಣ ಹೊಡೆಸುವುದಿತ್ತು, ಮತ್ತೊಂದು ಕಡೆ ನಿನ್ನೆ ತಾನೆ ಮಾತಾಗಿಬಿಟ್ಟಿತ್ತು. ಅವ್ವನ ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಸದಂತಾಯಿತು. ಒಂದು ಮಧ್ಯಾಹ್ನ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಹೆಂಗಸಿನ ಪಕ್ಕ ಅವ್ವ ಕುಸಿದು ಕೂತಳು. ಆಕೆ ನಮ್ಮವಳೇ. ನಮ್ಮ ಪಾಡು ಕೇಳಿ ಉಸ್ಸೆಂದಳು.

"ದಿಟ ಏಳ್ಕಂಡು ಓದ್ರೆ ನಿಮ್ಗೆ ದನದ ಕೊಟ್ಗೆನೂ ಸಿಕ್ಕಾಕಿಲ್ಲ ಕಣವ್ವ. ಅವ್ರು ಕೇಳಾಕ್ ಮುಂಚೇನೆ ವೀರಭದ್ರ ಅನ್ನು, ಮಾಂಸ ಗೀಂಸ ಮುಟ್ಟಲ್ಲ ಅನ್ನು. ಒಂದೇ ಉಸ್ರಲ್ಲಿ ಅನ್ಬುಡು. ನಿಂತು ಯೋಚ್ನೆ ಮಾಡ್ದೋ, ಸಿಕ್ಕಾಕಂಡೆ."

ಮುಂದಿನ ಮನೆಯಲ್ಲಿ ಗೇಟು ತೆರೆಯುತ್ತಿದ್ದಂತೆ ಅವ್ವ ಶುರು ಮಾಡಿಬಿಟ್ಟಳು. "ನಾವು ನರಸೀಪುರದ ಕಡೆಯೋರು, ಮನೆದೇವ್ರು ವೀರಭದ್ರ, ಮಾಂಸ ಗೀಂಸ ಮುಟ್ಟಲ್ಲ." ನಾನು ನೆಲ ನೋಡುತ್ತ ನಿಂತಿದ್ದೆ. ಮನೆ ಸಿಕ್ಕಿತು.

ಆ ಮನೆಯ ಷರತ್ತುಗಳಲ್ಲಿ ದೊಡ್ಡದು, ಗೋಡೆಗೆ ಮೊಳೆ ಹೊಡೆಯಬಾರದು ಎನ್ನುವುದು. ಅವ್ವನಿಗೆ ಅದೇ ನೆಪವಾಯಿತು. ಅಪ್ಪ ಮೈಸೂರಿನಿಂದ ತಂದಿದ್ದ ಪಟವೊಂದು ನಮ್ಮಲ್ಲಿತ್ತು. ಒಂದೇ ಚೌಕಟ್ಟಿನಲ್ಲಿ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧ, ಕೆಳಗೆ ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದವರು. ಅಪ್ಪ ಅವರನ್ನು 'ನಮ್ಮ ಸಾಹೇಬರು' ಎನ್ನುತ್ತಿದ್ದ. ದಿನಾ ಬೆಳಗ್ಗೆ ಕೂಲಿಗೆ ಹೋಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಆ ಗಾಜು ಒರೆಸಿಯೇ ಹೋಗುತ್ತಿದ್ದ. ಅಂಥ ಪಟವನ್ನು ಅವ್ವ ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿನ ಟ್ರಂಕಿನೊಳಗೆ ಇಟ್ಟಳು. ನಾವು ಅಲ್ಲಿದ್ದಷ್ಟು ವರ್ಷವೂ ಅದು ಅಲ್ಲೇ ಇತ್ತು.

ಅಲ್ಲಿ ನಾವು ಬದುಕಿದ್ದು ಹೇಗೆಂದರೆ, ಒಗ್ಗರಣೆ ಸಿಡಿದರೂ ಅವ್ವ ಬೆಚ್ಚಿಬೀಳುತ್ತಿದ್ದಳು. ಒಣಮೀನು ಎಂದರೆ ಪ್ರಾಣ ಅವಳಿಗೆ. ಭಾನುವಾರ ಬಸ್ ಹತ್ತಿ ತಂಗಿಯ ಊರಿಗೆ ಹೋಗಿ, ಉಂಡು, ಕೈಯನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದು ಬರುತ್ತಿದ್ದಳು. ಬಂದವಳು, ವಾಸನೆ ಬತ್ತಾ ಅದಾ ನೋಡು ಎಂದು ಕೈಯನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಒಮ್ಮೆ ಸೋದರಮಾವ ಅಕ್ಕನನ್ನು ನೋಡಬೇಕೆಂದು ಚೀಲದಲ್ಲಿ ನಾಟಿ ಕೋಳಿ ಹಿಡಿದುಕೊಂಡು ಬಂದ. ಕೋಳಿ ಬೀದಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಅನ್ನುತ್ತಿತ್ತು. ಅವ್ವ ಸ್ವಂತ ತಮ್ಮನನ್ನು ಗೇಟಿನ ಆಚೆಯೇ ನಿಲ್ಲಿಸಿ, ಒಂದು ಲೋಟ ನೀರೂ ಕೊಡದೆ, ಕೋಳಿಯನ್ನೂ ಅವನನ್ನೂ ವಾಪಸ್ ಕಳಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವತ್ತೇ ನಾನು ತೀರ್ಮಾನ ಮಾಡಿದೆ. ಎಂದಾದರೂ ನನ್ನದೇ ಒಂದು ಗೋಡೆ ಆದರೆ, ಅದರ ಮೇಲೆ ಮೊದಲು ಏರುವುದು ಈ ಪಟ, ಏರಿದ ಮೇಲೆ ಯಾರಿಗೋಸ್ಕರವೂ ಇಳಿಯುವುದಿಲ್ಲ.

ಬಸ್ಸಿನಲ್ಲಿ ಮಾತ್ರ ಯಾರೂ ನನ್ನ ಮನೆದೇವರನ್ನು ಕೇಳಿದ್ದಿಲ್ಲ. ನಂಜನಗೂಡಿನಿಂದ ನರಸೀಪುರಕ್ಕೆ, ನರಸೀಪುರದಿಂದ ತಲಕಾಡಿಗೆ ಎಷ್ಟು ಓಡಾಡಿದ್ದೇನೋ ಲೆಕ್ಕವಿಟ್ಟಿಲ್ಲ. ನಾನು ಕೊಟ್ಟ ಚಿಲ್ಲರೆಗೆ ನೀರು ಚಿಮುಕಿಸಿ ಜೇಬಿಗೆ ಹಾಕಿಕೊಂಡವರನ್ನು ಕಂಡಿಲ್ಲ. "ಒಳಗಡೆ ಹೋಗ್ರೀ, ಒಳಗಡೆ ಹೋಗ್ರೀ" ಎಂದು ನಾನು ಗಂಟಲು ಹರಿದುಕೊಂಡರೆ, ಪೂಜೆಗೆ ಹೊರಟವರು, ಕೂಲಿಗೆ ಹೊರಟವರು, ಇಸ್ಕೂಲ್ ಮೇಷ್ಟ್ರು ಎಲ್ಲರೂ ಒಬ್ಬರ ಬೆವರು ಒಬ್ಬರಿಗೆ ಅಂಟುವ ಹಾಗೆ ನಿಲ್ಲುತ್ತಾರೆ. ಬಸ್ಸಿಳಿದು ಮನೆ ಸೇರಿದ ಮೇಲೆ ಅದೇ ಜನಕ್ಕೆ ಮನೆದೇವರು ನೆನಪಾಗುತ್ತಾನೆ.

ಮದುವೆಯಾಯಿತು. ನಮ್ಮನೆಯವರು ಮನೆಗಳಿಗೆ ವೈರಿಂಗ್ ಮಾಡುವ ಕೆಲಸದವರು. ಮೆತ್ತಗಿನ ಮನುಷ್ಯ, ಜಗಳ ಎಂದರೆ ಮೇನ್ ಸ್ವಿಚ್ ಆಫ್ ಮಾಡಿಬಿಡುವ ಸ್ವಭಾವ. ನನಗೆ ನರಸೀಪುರಕ್ಕೆ ವರ್ಗವಾದ ಮೇಲೆ ಇಬ್ಬರೂ ಸೇರಿ ಅಲ್ಲಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದೆವು. ಕೆಳಗೆ ನಾವು, ಅವ್ವ. ಮೇಲಿನ ಮಹಡಿ ಬಾಡಿಗೆಗೆ. ಗೃಹಪ್ರವೇಶದ ದಿನ ಮುಂಭಾಗದ ಹಾಲಿನಲ್ಲಿ, ಬಾಗಿಲು ತೆರೆದರೆ ಎದುರಿಗೇ ಕಾಣುವ ಗೋಡೆಗೆ ನಾನೇ ಮೊಳೆ ಹೊಡೆದು ಪಟ ಏರಿಸಿದೆ. ಅದರ ಕೆಳಗೆ ಇನ್ನೊಂದು ಚಿಕ್ಕ ಮೊಳೆ ಹೊಡೆದು ಮಹಡಿಯ ಬೀಗದ ಕೈಯನ್ನು ಅಲ್ಲಿ ತೂಗುಹಾಕಿದೆ.

"ಬೀಗದ ಕೈ ಅಲ್ಲ್ಯಾಕೆ?" ಎಂದರು ನಮ್ಮನೆಯವರು.

"ಮನೆ ನೋಡೋಕೆ ಬಂದೋರು ಅದನ್ನ ನೋಡಿಕೊಂಡೇ ಮೇಲೆ ಹತ್ತಲಿ."

ಮಹಡಿಗೆ ಮೆಟ್ಟಿಲು ಹೊರಗಡೆಯಿಂದಲೇ ಇದೆ. ಬಂದವರನ್ನು ಹಾಗೇ ಕರೆದುಕೊಂಡು ಹೋಗಿ ತೋರಿಸಬಹುದಿತ್ತು. ಅಕ್ಕಪಕ್ಕದವರೆಲ್ಲ ಹಾಗೇ ಮಾಡುವುದು. ನನ್ನ ಪದ್ಧತಿ ಬೇರೆ. ಗೇಟಿನಲ್ಲಿ ನಿಂತು ವ್ಯವಹಾರದ ಮಾತಿಲ್ಲ. ಒಳಗೆ ಬರಬೇಕು, ಹಾಲಿನಲ್ಲಿ ಕೂರಬೇಕು, ನಮ್ಮನೆ ಕಾಫಿ ಕುಡಿಯಬೇಕು. ಆಮೇಲೆ ಅವರ ಕಣ್ಣೆದುರಿಗೇ ಪಟದ ಕೆಳಗಿನಿಂದ ಬೀಗದ ಕೈ ತೆಗೆದುಕೊಳ್ಳುತ್ತೇನೆ. ಆಧಾರ್ ಕಾರ್ಡು ನೋಡುತ್ತೇನೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ದಿನವಿಡೀ ಆಧಾರ್ ನೋಡುವುದೇ ನನ್ನ ಕೆಲಸವಾಗಿರುವುದರಿಂದ ಅದೇನೂ ಕಷ್ಟವಲ್ಲ. ಆಧಾರಿನಲ್ಲಿ ಮನೆದೇವರ ಹೆಸರು ಇರುವುದಿಲ್ಲ, ಅದೊಂದು ನೆಮ್ಮದಿ. ಕೊನೆಗೆ, ಈಗ ಇರುವ ಮನೆಯನ್ನು ಯಾಕೆ ಬಿಡುತ್ತಿದ್ದಾರೆ ಎಂದು ಅವರ ಬೀದಿಯಲ್ಲಿ ವಿಚಾರಿಸುತ್ತೇನೆ. ಇಷ್ಟೇ ನನ್ನ ಪರೀಕ್ಷೆ. ಜಾತಿ ಕೇಳುವುದಿಲ್ಲ, ದೇವರನ್ನು ಕೇಳುವುದಿಲ್ಲ, ಬಾಡು ತಿನ್ನುತ್ತೀರಾ ಎಂದು ಕೇಳುವುದಿಲ್ಲ.

'ಮನೆ ಬಾಡಿಗೆಗಿದೆ' ಬೋರ್ಡು ನೇತುಹಾಕಿದ ವಾರದಲ್ಲೇ ಜನ ಬರಲು ಶುರುವಾಯಿತು. ಮೊದಲು ಬಂದದ್ದು ಬ್ಯಾಂಕಿನ ಕೆಲಸದವನೊಬ್ಬ, ಅವನ ಹೆಂಡತಿ, ಅತ್ತೆ. ಹೊರಗಿನಿಂದಲೇ ಬಾಲ್ಕನಿ ನೋಡಿ ಹೆಂಡತಿ ಹಿಗ್ಗಿಹೋದಳು, ತುಳಸಿ ಕುಂಡ ಎಲ್ಲಿಡಬೇಕೆಂದೂ ಗೊತ್ತು ಮಾಡಿಬಿಟ್ಟಳು. ಒಳಗೆ ಬನ್ನಿ ಎಂದೆ. ಅತ್ತೆ ಹೊಸಿಲು ದಾಟಿ, ಕತ್ತೆತ್ತಿ ಪಟ ನೋಡಿದರು. ನಾನು ಅಡುಗೆಮನೆಯಿಂದ ಕಾಫಿ ತರುವಷ್ಟರಲ್ಲಿ ಅಳಿಯನಿಗೆ ಫೋನ್ ಬಂದಿತ್ತು. ಫೋನ್ ರಿಂಗಾದದ್ದು ನನಗೆ ಕೇಳಲಿಲ್ಲ, ಆದರೆ ಆತ ಅದನ್ನು ಕಿವಿಗಿಟ್ಟುಕೊಂಡು "ಹೌದಾ? ಈಗಲೇ ಬರಬೇಕಾ?" ಎನ್ನುತ್ತಿದ್ದ. ಕಾಫಿ ತಣ್ಣಗಾಯಿತು, ಅವರು ಹೋದರು.

ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಪಟ ನೋಡಿದವರು, "ಇದು ನಿಮ್ಮ ಸ್ವಂತ ಮನೆಯಾ?" ಎಂದು ಕೇಳಿದರು. ಹೌದು ಎಂದೆ. "ಪರವಾಗಿಲ್ಲ, ಚೆನ್ನಾಗಿ ಕಟ್ಟಿದ್ದೀರಿ" ಎಂದರು. ಆಮೇಲೆ ಮೆಟ್ಟಿಲಿನ ದಿಕ್ಕು ವಾಸ್ತುವಿಗೆ ಹೊಂದುವುದಿಲ್ಲ ಎಂಬುದು ಅವರಿಗೆ ಥಟ್ಟನೆ ಹೊಳೆಯಿತು. ಬರುವಾಗ ಅದೇ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ್ದರು, ಆಗ ದಿಕ್ಕು ಸರಿಯಾಗಿಯೇ ಇತ್ತು.

ಹೀಗೇ ಬಂದವರು ಬಂದಂತೆ ವಾಪಸ್ ಹೋದರು. ಬಾಡಿಗೆಗೆ ಕೊಡುವವರು ಬಂದವರನ್ನು ಸೋಸುತ್ತಾರೆ ಎನ್ನುವುದು ಲೋಕಾರೂಢಿ. ನನ್ನ ಮನೆಯಲ್ಲಿ ಬಂದವರೇ ನನ್ನನ್ನು ಸೋಸುತ್ತಿದ್ದರು. ನನಗೆ ಅವಮಾನವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬೊಬ್ಬರು ಗೇಟು ದಾಟಿ ಹೋದಾಗಲೂ ಆ ತಣ್ಣಗಾದ ಕಾಫಿಯನ್ನು ನಾನೇ ಕುಡಿದು ಲೋಟ ತೊಳೆದಿಡುತ್ತಿದ್ದೆ, ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜೋರಾಗಿರುತ್ತಿತ್ತು.

ಒಬ್ಬ ಮಾತ್ರ ಕಾಫಿ ಕುಡಿದ. ಬಿತ್ತನೆ ಬೀಜ ಮಾರುವ ಕೆಲಸದವನು, ಚಿಕ್ಕಯ್ಯನಛತ್ರದಲ್ಲಿ ಬಾಡಿಗೆಗಿದ್ದವನು. ಪಟದ ಮುಂದೆ ನಿಂತು ಕೈ ಮುಗಿದು, "ನಮಗೆ ಅಂಥದ್ದೆಲ್ಲ ಏನಿಲ್ಲ ಅಕ್ಕ, ಮನುಷ್ಯ ಮನುಷ್ಯನೇ" ಎಂದು ಭಾಷಣವನ್ನೇ ಮಾಡಿದ. ನಮ್ಮನೆಯವರ ಮುಖ ಅರಳಿತು. ಅವ್ವ ಒಳಗಿನಿಂದ ಚಕ್ಕುಲಿ ತಂದಿಟ್ಟಳು. ಆದರೂ ನನ್ನ ಪರೀಕ್ಷೆ ಮುಗಿದಿರಲಿಲ್ಲ. ಒಂದು ದಿನ ಆ ಕಡೆ ಡ್ಯೂಟಿ ಬಿದ್ದಾಗ, ಬಸ್ಸು ನಿಂತ ಹೊತ್ತಿನಲ್ಲಿ ಅವನ ಮನೆ ಹತ್ತಿರದ ಟೀ ಅಂಗಡಿಯವಳನ್ನು ಕೇಳಿದೆ. ಆಕೆ ಟೀ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆ ಪುಣ್ಯಾತ್ಮನಾ? ಅವ್ನೆಲ್ಲಿ ಮನೆ ಬುಡ್ತಾವ್ನೆ, ಓನರ್ರೇ ಬುಡುಸ್ತಾವ್ರೆ ಕಣಕ್ಕ. ದಿನಾ ಎಂಡ್ರುಗೆ ಒಡ್ದು ಬೀದೀಲಿ ನಿಲ್ಲುಸ್ತಾನೆ."

ಸಂಜೆಯೇ ಫೋನ್ ಮಾಡಿ, ಮನೆ ಕೊಡುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ. ಅವನು ಏನೇನೋ ಅಂದ, ನಾನು ಕೇಳಿಸಿಕೊಳ್ಳಲಿಲ್ಲ.

ನಮ್ಮನೆಯವರು ತಲೆಯ ಮೇಲೆ ಕೈ ಹೊತ್ತು ಕೂತರು. "ಒಪ್ಪಿಕೊಂಡವನೊಬ್ಬ, ಅವನನ್ನೂ ಓಡಿಸಿದೆಯಲ್ಲೇ. ಪಟಕ್ಕೆ ಕೈ ಮುಗಿದವನು ಕಣೆ."

"ಪಟಕ್ಕೆ ಕೈ ಮುಗಿದು ಹೆಂಡತಿ ಮೇಲೆ ಕೈ ಮಾಡೋನು ನನಗೆ ಬೇಡ. ಅವನಿಗಿಂತ ಆ ಬ್ಯಾಂಕಿನವನು ವಾಸಿ, ಅವನು ಹೊಡೆದದ್ದು ಬರೀ ಸುಳ್ಳು ಫೋನು."

ನಮ್ಮನೆಯವರು ಗೋಡೆ ಕಡೆ ನೋಡದೆ, "ಬಾಡಿಗೆಗೆ ಯಾರಾದರೂ ಸಿಕ್ಕೋವರೆಗೆ ಪಟಾನ ನಮ್ಮ ರೂಮಲ್ಲಿ ಇಡೋಣವಾ? ಬಂದ ಮೇಲೆ ಮತ್ತೆ ಹಾಕಿದರಾಯ್ತು" ಎಂದರು. ನಾನು ಉತ್ತರ ಕೊಟ್ಟಿದ್ದರೆ ಅವರು ಮೇನ್ ಸ್ವಿಚ್ ಹುಡುಕಬೇಕಾಗುತ್ತಿತ್ತು. ಆದರೆ ಆ ಮಾತು ಅವ್ವನ ಕಿವಿಗೆ ಬಿದ್ದಿತ್ತು.

ಕೆಲವು ದಿನಗಳಾದ ಮೇಲೆ ಡ್ಯೂಟಿ ಮುಗಿಸಿ ಬಂದು ಬಾಗಿಲು ತೆರೆದರೆ ಗೋಡೆ ಬೋಳಾಗಿತ್ತು. ಪಟವಿದ್ದ ಮೊಳೆಗೆ ಯಾವುದೋ ಅಂಗಡಿಯ ಕ್ಯಾಲೆಂಡರು ನೇತಾಡುತ್ತಿತ್ತು, ಅದರ ಕೆಳಗೆ ಬೀಗದ ಕೈ. ಹೆಗಲಿನ ಬ್ಯಾಗು ಕೂಡ ಇಳಿಸದೆ ಅವ್ವನ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಟ್ರಂಕು ಎಳೆದೆ. ಪಟ ಅಲ್ಲಿತ್ತು, ಹಿಂದೆ ಸುತ್ತಿದ್ದ ಹಾಗೇ ಹಳೆಯ ಸೀರೆಯಲ್ಲಿ ಸುತ್ತಿ.

"ಯಾಕವ್ವ?" ಎಂದೆ.

"ಯಾಕಂದ್ರೆ? ಮನೆ ಖಾಲಿ ಬಿದ್ದದೆ. ಬಂದೋರೆಲ್ಲ ಗ್ವಾಡೆ ನೋಡ್ಕಂಡು ಓಯ್ತಾವ್ರೆ. ಒಂದೆಲ್ಡು ತಿಂಗ್ಳು ಒಳಗಿದ್ರೆ ಸಾಹೇಬ್ರು ಮುನಿಸ್ಕತಾರಾ?"

"ಇದು ನಮ್ಮ ಮನೆ ಅವ್ವ. ನಮ್ಮ ಮನೇಲೇ ಬಚ್ಚಿಡಬೇಕಾ?"

ಮಂಚದ ಮೇಲೆ ಮಲಗಿದ್ದ ಅವ್ವ ಎದ್ದು ಕೂತಳು. ಅವಳಿಗೂ ಸಿಟ್ಟು ಬಂದಿತ್ತು. "ಅವತ್ತು ನಾನು ಬಚ್ಚಿಟ್ಟುದ್ಕೆ ತಾನೆ ನಿನ್ ತಲೆ ಮ್ಯಾಲೆ ಸೂರು ಸಿಕ್ಕುದ್ದು? ಸುಳ್ಳು ಏಳ್ದೋಳು ನಾನು, ತಮ್ಮುನ್ನ ಬಾಗ್ಲಿಂದ ಓಡ್ಸಿದೋಳು ನಾನು. ನೀನು ಬ್ಯಾಗ್ ಆಕ್ಕಂಡು ಬಸ್ ಅತ್ಕಂಡು ಓಗ್ತಿದ್ದೆ. ಈಗ ನಿಂಗೆ ಗ್ವಾಡೆ ಬಂದದೆ, ಮಾತಾಡ್ತೀಯ."

ಅವಳ ಮಾತಿನಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಆ ಹೊಡೆತವನ್ನು ನಾನು ನಿಂತುಕೊಂಡೇ ತಿಂದೆ. ಆದರೂ ಪಟವನ್ನು ಸೀರೆಯಿಂದ ಬಿಡಿಸಿ, ಹಾಲಿಗೆ ತಂದು, ಕ್ಯಾಲೆಂಡರ್ ಕಿತ್ತು ಬಿಸಾಕಿ, ಮತ್ತೆ ಅದೇ ಮೊಳೆಗೆ ಹಾಕಿದೆ. "ಮಹಡಿಯಲ್ಲಿ ಪಾರಿವಾಳ ಗೂಡು ಕಟ್ಟಲಿ ಅವ್ವ, ಈ ಪಟ ಇಳಿಯೋಲ್ಲ. ಇದನ್ನ ಇಳಿಸಿ ಮನೆ ಕೊಟ್ಟರೆ, ಬಂದೋರ ಮುಂದೆ ನೀನು ಮತ್ತೆ ಕೈ ಮೂಸಿಕೊಂಡು ಓಡಾಡಬೇಕಾಗುತ್ತೆ. ಅದು ನನ್ನಿಂದ ನೋಡೋಕಾಗೋಲ್ಲ" ಎಂದೆ. ಆಮೇಲೆ ಎಷ್ಟೋ ದಿನ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು. ಹಾಲಿನಲ್ಲಿ ಕೂತರೆ ಪಟಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು.

ಮನೆ ಖಾಲಿಯೇ ಇತ್ತು. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿದವು. ನಾನು ಹೊಸ ಬಣ್ಣ ತಂದು ಅವನ್ನು ಮತ್ತೆ ತಿದ್ದಿ ಬರೆದೆ.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬರುವಾಗ ಗೇಟಿನ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದರು, ತಾಯಿ ಮತ್ತು ಮಗಳು. ತಾಯಿಯ ಕೈಯಲ್ಲಿ ಬಟ್ಟೆಯ ಚೀಲ. ಬೆಳಗಿನಿಂದ ಬಡಾವಣೆಯನ್ನೆಲ್ಲ ಸುತ್ತಿದ್ದಾರೆ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ತಾಯಿಯ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು. ಮನೆ ನೋಡೋಕಾ ಎಂದು ಕೇಳಿದೆ. ಯೂನಿಫಾರಂ ನೋಡಿಯೋ ಮನೆಯ ಎತ್ತರ ನೋಡಿಯೋ ಆಕೆ ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಎಳೆದುಕೊಂಡು, ಒಂದೇ ಉಸಿರಿಗೆ ಹೇಳಿದಳು.

"ನಾವು ತಲಕಾಡ್ ಕಡೆಯೋರು ಕಣವ್ವ, ಮಗ್ಳುಗೆ ಇಲ್ಲೇ ಆಸ್ಪತ್ರೇಲಿ ನರ್ಸು ಕೆಲ್ಸ ಆಗದೆ, ಮನೆದೇವ್ರು ವೀರಭದ್ರ, ಮಾಂಸ ಗೀಂಸ ಮುಟ್ಟಲ್ಲ."

ಮಗಳು ನೆಲ ನೋಡುತ್ತ ನಿಂತಿದ್ದಳು.

"ನಾನು ಕೇಳಲೇ ಇಲ್ವಲ್ಲಮ್ಮ" ಎಂದಷ್ಟೇ ಹೇಳಲಾಯಿತು. ಗೇಟು ತೆರೆದು, "ಬನ್ನಿ, ಒಳಗೆ ಕೂತು ಕಾಫಿ ಕುಡಿದು ಮಾತಾಡೋಣ" ಎಂದೆ.

"ಇಲ್ಲೇ ಇರ್ತೀವಿ ಬುಡವ್ವ" ಎಂದಳು ಆಕೆ. ದೇವರನ್ನು ಬದಲಾಯಿಸಿಕೊಂಡು ಬಂದಿದ್ದಳು, ಗೇಟಿನ ಹೊರಗೆ ನಿಲ್ಲುವ ಅಭ್ಯಾಸವನ್ನು ಬದಲಾಯಿಸಲು ಆಗಿರಲಿಲ್ಲ. ನಾನು ಕೈ ಹಿಡಿದು ಒಳಗೆ ಕರೆತಂದೆ.

ಹೊಸಿಲು ದಾಟಿದ ಆಕೆ ಕತ್ತೆತ್ತಿದಳು. ಪಟ ಕಂಡಿತು. ಎರಡೂ ಕೈಗಳು ತಾವಾಗಿಯೇ ಎದೆಯವರೆಗೆ ಬಂದವು. ಅಷ್ಟರಲ್ಲಿ ಮಗಳು ಅವಳ ಮೊಣಕೈ ಹಿಡಿದು ಜಗ್ಗಿದಳು, ಕೈ ಕೆಳಗಿಳಿಯಿತು. ಆಕೆ ಗಾಬರಿಯಿಂದ ನನ್ನ ಮುಖ ನೋಡಿದಳು. ಏನು ಅರ್ಥ ಮಾಡಿಕೊಳ್ಳಬೇಕೋ ತಿಳಿಯದೆ ತಾಯಿ ಮಗಳಿಬ್ಬರೂ ಹಾಗೇ ನಿಂತರು.

ಪಟಕ್ಕೆ ಬೆನ್ನು ಹಾಕಿ ಕೂತಿದ್ದ ಅವ್ವ ಎಲ್ಲವನ್ನೂ ನೋಡುತ್ತಿದ್ದಳು. ಗೇಟಿನ ಮಾತೂ ಅವಳಿಗೆ ಕೇಳಿಸಿತ್ತು. ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು ಬಂದು ಆಕೆಯ ಮುಂದೆ ನಿಂತಳು.

"ಯಾವೂರ ವೀರಭದ್ರ ಕಣವ್ವ ನಿಮ್ದು?"

"ಅದೇ... ಆಚೆ ಊರು..." ಎಂದಳು ಆಕೆ, ಕಣ್ಣು ಕೆಳಗೆ ಹಾಕಿ.

"ನಂಗೆ ನಂಜನಗೂಡು ಸಂತೇಲಿ ಸೊಪ್ಪು ಮಾರೋಳೊಬ್ಳು ಏಳ್ಕೊಟ್ಟಿದ್ಲು" ಎಂದಳು ಅವ್ವ. "ನಿಂಗ್ಯಾರವ್ವ ಏಳ್ಕೊಟ್ಟೋರು?"

ಆಕೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಪಟ ನೋಡಿದಳು, ಅವ್ವನನ್ನು ನೋಡಿದಳು, ಅಲ್ಲೇ ನೆಲದ ಮೇಲೆ ಕುಸಿದು ಕೂತು ಸೆರಗು ಬಾಯಿಗಿಟ್ಟುಕೊಂಡಳು. "ಬಸ್ಟಾಂಡಲ್ಲಿ ಕಸ ಗುಡ್ಸೋರು ಏಳುದ್ರು ಕಣಕ್ಕ" ಎಂದಳು ಅಳುತ್ತಲೇ. ಅವ್ವ ಬಗ್ಗಿ ಆಕೆಯ ರಟ್ಟೆ ಹಿಡಿದು ಎಬ್ಬಿಸಿದಳು.

"ನೆಲದ ಮ್ಯಾಲ್ ಯಾಕ್ ಕುಂತೀಯೆ, ಎದ್ದು ಕುರ್ಚಿ ಮ್ಯಾಲ್ ಕುಂತ್ಕೊ. ಇದು ನಮ್ಮನೆ."

ನಾನು ಕಾಫಿಗೆ ಹಾಲಿಟ್ಟೆ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಲೋಟಗಳನ್ನು ಹಿಡಿದು ಹೊರಗೆ ಬರುವಷ್ಟರಲ್ಲಿ ಅವ್ವ, ತುದಿಗಾಲಲ್ಲಿ ನಿಂತು, ಪಟದ ಕೆಳಗಿನ ಮೊಳೆಯಿಂದ ಬೀಗದ ಕೈ ತೆಗೆಯಲು ಹೊರಟಿದ್ದಳು. ಅದಕ್ಕೂ ಮುಂಚೆ ಸೆರಗಿನ ತುದಿಯಿಂದ ಪಟದ ಗಾಜನ್ನು ಒಮ್ಮೆ ಒರೆಸಿದಳು, ಅಪ್ಪ ಒರೆಸುತ್ತಿದ್ದ ಹಾಗೆ.

ನಮ್ಮವರು ಎಂದು ನಾನು ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲಿಲ್ಲ. ಆಧಾರ್ ನೋಡಿದೆ, ಆಸ್ಪತ್ರೆಯಲ್ಲಿ ಕೇಳಿದೆ, ತಲಕಾಡಿನ ಬಸ್ಸಿನಲ್ಲಿ ಅವರ ಊರಿನವರನ್ನು ವಿಚಾರಿಸಿದೆ. ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಆಮೇಲೆಯೇ ಅಗ್ರಿಮೆಂಟ್ ಮಾಡಿಸಿದೆ.

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಅಂತೂ ಕೊನೆಗೆ ನಿಮ್ಮವರೇ ಸಿಕ್ಕಿದರಾ?" ಎಂದರು. ಆ ಮಾತು ಚುಚ್ಚಿತು, ಇಲ್ಲವೆನ್ನುವುದಿಲ್ಲ. ವಾಪಸ್ ಹೋದವರಲ್ಲಿ ಒಬ್ಬರಾದರೂ ತಿರುಗಿ ಬಂದು, ಆ ತಣ್ಣಗಾದ ಕಾಫಿ ಕೇಳಿ ಕುಡಿಯಲಿ ಎಂದು ನನಗೆ ಆಸೆಯಿತ್ತು. ಯಾರೂ ಬರಲಿಲ್ಲ. ಮುಂದೆ ಎಂದಾದರೂ ಬಂದಾರು, ಬೋರ್ಡು ಮತ್ತೆ ನೇತಾಡುವ ಕಾಲ ಬಂದಾಗಲೂ ಬೀಗದ ಕೈ ಇರುವುದು ಅಲ್ಲೇ. "ಕಾಫಿ ಕುಡಿದವರು ಸಿಕ್ಕಿದರು ರೀ" ಎಂದೆ ಆ ಪಕ್ಕದ ಮನೆಯಾಕೆಗೆ. "ನೀವೂ ಬನ್ನಿ ಒಂದು ದಿನ." ಆಕೆ ನಕ್ಕರು. ಇನ್ನೂ ಬಂದಿಲ್ಲ, ಕರೆಯುವುದನ್ನು ನಾನೂ ಬಿಟ್ಟಿಲ್ಲ.

ಭಾನುವಾರ ಗೂಡ್ಸ್ ಆಟೋದಲ್ಲಿ ಅವರ ಸಾಮಾನು ಬಂತು. ಪಾತ್ರೆ, ಹಾಸಿಗೆ, ಒಂದು ಕಬ್ಬಿಣದ ಮಂಚ. ಎಲ್ಲವನ್ನೂ ಇಳಿಸಿಯಾದ ಮೇಲೆ ತಾಯಿ ಮಾತ್ರ ಒಂದು ಗಂಟನ್ನು ಎದೆಗವಚಿಕೊಂಡು ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಹಳೆಯ ಸೀರೆಯಲ್ಲಿ ಸುತ್ತಿದ, ಚಪ್ಪಟೆಯಾದ, ಚೌಕದ ಗಂಟು. ಬಿಚ್ಚಿ ನೋಡುವ ಅಗತ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಅಕ್ಕ, ಗ್ವಾಡೆಗೆ ಮೊಳೆ ಒಡೀಬೌದಾ?" ಎಂದು ಆಕೆ ಅವ್ವನನ್ನು ಕೇಳಿದಳು.

ಅವ್ವ ಒಳಗೆ ಹೋಗಿ ನಮ್ಮನೆಯವರ ಸಾಮಾನಿನ ಡಬ್ಬಿ ತಡಕಾಡಿ ಸುತ್ತಿಗೆಯನ್ನೂ ಒಂದು ಹಿಡಿ ಮೊಳೆಯನ್ನೂ ತಂದಳು. ಮಂಡಿ ನೋವೆಂದು ಗೃಹಪ್ರವೇಶದ ದಿನವೂ ಮಹಡಿ ಹತ್ತದಿದ್ದವಳು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಹಿಂದೆ ಆಕೆ ಗಂಟು ಹಿಡಿದುಕೊಂಡು, ಅವಳ ಹಿಂದೆ ಮಗಳು.

ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲೆ ಸುತ್ತಿಗೆಯ ಸದ್ದು ಶುರುವಾಯಿತು. ನಮ್ಮನೆಯವರು ತಾರಸಿ ನೋಡುತ್ತ ಚಡಪಡಿಸಿದರು. "ಹೊಸ ಗಾರೆ ಕಣೆ, ಬಿರುಕು ಬಿಟ್ಟುಬಿಡುತ್ತೆ. ಹೋಗಿ ಸ್ವಲ್ಪ ಮೆಲ್ಲಗೆ ಹೊಡೀರಿ ಅಂತ ಹೇಳು."

ನಾನು ಅಂಗಳಕ್ಕೆ ಬಂದು ಮಹಡಿಯ ಕಡೆ ಮುಖ ಎತ್ತಿದೆ. ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವ ನನ್ನ ಗಂಟಲಿನಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ.

"ಜೋರಾಗಿ ಹೊಡಿ ಅವ್ವ!"